ಎಂಟು ಮಂದಿ ಕುಳಿತು ಮಾತನಾಡಿದರೆ ಅದು ಸಂಶೋಧನೆಯೇ?

ನಿಮ್ಮ ಮೊಹಲ್ಲಾದ ಶಾಲೆಯಿಂದಲೋ ಅಂಗನವಾಡಿಯಿಂದಲೋ ಒಂದು ದಿನ ನಿಮಗೆ ಕರೆ ಬರಬಹುದು. "ಒಂದೂವರೆ ಗಂಟೆ ಕುಳಿತು ಮಾತನಾಡೋಣ, ನಿಮ್ಮಂತಹ ಇನ್ನೂ ಏಳು ತಾಯಂದಿರು ಬರುತ್ತಾರೆ" ಎನ್ನುತ್ತಾರೆ. ವೈದ್ಯಕೀಯ ಕಾಲೇಜುಗಳೂ ಸಂಶೋಧನಾ ಸಂಸ್ಥೆಗಳೂ ಇರುವ ಮೈಸೂರಿನಲ್ಲಿ ಇದೇನೂ ಅಪರೂಪವಲ್ಲ. ಹೀಗೆ ಕರೆ ಬಂದವರು ಅಗ್ರಹಾರದ ನನ್ನ ದವಾಖಾನೆಗೆ ಬಂದಾಗ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಹೋಗಬಹುದೇ ಡಾಕ್ಟರೇ? ರಕ್ತ ತೆಗೆಯುವುದಿಲ್ಲವಂತೆ, ಮಾತ್ರೆ ಕೊಡುವುದಿಲ್ಲವಂತೆ, ಬರೀ ಮಾತಂತೆ. ಬರೀ ಮಾತಿನಿಂದ ಅವರಿಗೇನು ಸಿಗುತ್ತದೆ?"

ಪ್ರಶ್ನೆ ನ್ಯಾಯವಾದದ್ದು. ಸಂಶೋಧನೆ ಎಂದರೆ ಪ್ರಯೋಗಾಲಯ, ಸೂಕ್ಷ್ಮದರ್ಶಕ, ಅಂಕಿ-ಅಂಶ ಎಂದೇ ನಾವು ತಿಳಿದಿದ್ದೇವೆ. ಜನರನ್ನು ಕೂರಿಸಿ ಮಾತನಾಡಿಸುವುದು ಸಭೆ ಅನಿಸುತ್ತದೆ, ಹರಟೆ ಅನಿಸುತ್ತದೆ. ಆದರೆ 'ಫೋಕಸ್ ಗ್ರೂಪ್' ಅಥವಾ ಕೇಂದ್ರಿತ ಗುಂಪು ಚರ್ಚೆ ಎಂಬ ಈ ವಿಧಾನಕ್ಕೆ ಎಂಬತ್ತು ವರ್ಷಗಳ ಇತಿಹಾಸವಿದೆ, ಕಟ್ಟುನಿಟ್ಟಾದ ನಿಯಮಗಳಿವೆ. ನಿಮ್ಮ ಮಗಳಿಗೆ ಯಾವ ಲಸಿಕೆ ಹಾಕಬೇಕು, ಅದರ ಬಗ್ಗೆ ನಿಮಗೆ ಹೇಗೆ ತಿಳಿಸಬೇಕು ಎಂಬ ತೀರ್ಮಾನಗಳ ಹಿಂದೆಯೂ ಇಂತಹ ಚರ್ಚೆಗಳಿರುತ್ತವೆ. ಆದ್ದರಿಂದ ಇದನ್ನು ತಿಳಿದುಕೊಂಡೇ ಹೋಗುವುದು ಒಳ್ಳೆಯದು.

ಎಣಿಕೆಗೆ ಸಿಗದ ಸಂಗತಿ

ಹೆಣ್ಣುಮಕ್ಕಳು ಹೆಚ್ಚಾಗಿ ಹೇಳುವ ಒಂದು ತೊಂದರೆಯನ್ನೇ ತೆಗೆದುಕೊಳ್ಳಿ: ಬಿಳಿ ಹೋಗುವುದು. ಯುನಾನಿಯಲ್ಲಿ ಇದಕ್ಕೆ ಸೈಲಾನುರ್ರಹಿಮ್ ಎನ್ನುತ್ತೇವೆ. ಸಮೀಕ್ಷೆಯವರು ಫಾರಂ ಹಿಡಿದು ಮನೆಗೆ ಬಂದರೆ ಅದರಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಈ ತೊಂದರೆ ಇದೆಯೇ? ಚಿಕಿತ್ಸೆ ಪಡೆದಿದ್ದೀರಾ? ಹೌದು ಅಥವಾ ಇಲ್ಲ ಎಂಬಲ್ಲಿ ಗುರುತು ಹಾಕಿಕೊಂಡು ಹೋಗುತ್ತಾರೆ. ಎಷ್ಟು ಮಂದಿಗೆ ತೊಂದರೆ ಇದೆ, ಎಷ್ಟು ಮಂದಿ ಚಿಕಿತ್ಸೆ ಪಡೆಯಲಿಲ್ಲ ಎಂಬ ಲೆಕ್ಕ ಸಿಗುತ್ತದೆ. ಏಕೆ ಪಡೆಯಲಿಲ್ಲ ಎಂಬುದು ಮಾತ್ರ ಸಿಗುವುದಿಲ್ಲ.

ಅದೇ ಹೆಂಗಸರು ತಮ್ಮ ವಯಸ್ಸಿನವರ ಜೊತೆ, ಅತ್ತೆ-ನಾದಿನಿಯರಿಲ್ಲದ ಕಡೆ ಕುಳಿತಾಗ ಬರುವ ಮಾತು ಬೇರೆ. ಒಬ್ಬರು "ಕಮ್ಜೋರಿ" ಎನ್ನುತ್ತಾರೆ. ಇನ್ನೊಬ್ಬರು ಮೂಳೆ ಕರಗಿ ಹೀಗೆ ಹೋಗುತ್ತದೆ ಎನ್ನುತ್ತಾರೆ. ಮೂರನೆಯವರು ಉಷ್ಣ, ಬೀಡಿ ಕಟ್ಟುತ್ತಾ ಇಡೀ ದಿನ ಒಂದೇ ಕಡೆ ಕುಳಿತರೆ ಹೀಗಾಗುತ್ತದೆ ಎನ್ನುತ್ತಾರೆ. ನಾಲ್ಕನೆಯವರು ಇದು ಎಲ್ಲ ಹೆಂಗಸರಿಗೂ ಇರುವುದೇ, ಇದಕ್ಕೆ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ ಎಂದು ನಗುತ್ತಾರೆ. ಆ ನಗುವಿನ ನಂತರ ಅಲ್ಲಿಯವರೆಗೆ ಸುಮ್ಮನಿದ್ದ ಐದನೆಯವರು, ತಮಗೆ ಕೆಲವು ತಿಂಗಳುಗಳಿಂದ ರಕ್ತ ಬೆರೆತು ಹೋಗುತ್ತಿದೆ, ಅದೂ ಎಲ್ಲರಿಗೂ ಇರುತ್ತದೆಯೇ ಎಂದು ಕೇಳುತ್ತಾರೆ.

ಫಾರಂನಲ್ಲಿ ಈ ಐದನೆಯವರ ಪ್ರಶ್ನೆಗೆ ಜಾಗವಿಲ್ಲ. ಒಬ್ಬರ ಮಾತು ಇನ್ನೊಬ್ಬರ ಬಾಯಿ ತೆರೆಸುವುದೇ ಗುಂಪು ಚರ್ಚೆಯ ಶಕ್ತಿ. ನಮ್ಮ ಜನ 'ಕಮ್ಜೋರಿ' ಎಂಬ ಒಂದೇ ಪದದಲ್ಲಿ ರಕ್ತಹೀನತೆ, ಸೊಂಟನೋವು, ನಿದ್ದೆಗೇಡು, ಮನಸ್ಸಿನ ಬೇಸರ ಎಲ್ಲವನ್ನೂ ಕಟ್ಟಿಡುತ್ತಾರೆ. ಕಟ್ಟು ಬಿಚ್ಚಿ ನೋಡದೆ ತಯಾರಿಸಿದ ಆರೋಗ್ಯ ಕರಪತ್ರ ಯಾರಿಗೂ ಅರ್ಥವಾಗುವುದಿಲ್ಲ. (ಇಲ್ಲಿಯೇ ಹೇಳಿಬಿಡುತ್ತೇನೆ: ವಾಸನೆಯಿಲ್ಲದ, ತುರಿಕೆಯಿಲ್ಲದ ತೆಳು ಬಿಳುಪು ಹೆಚ್ಚಾಗಿ ಸಹಜವಾದದ್ದು, ಅದರಿಂದ ಮೂಳೆ ಕರಗುವುದಿಲ್ಲ. ದುರ್ವಾಸನೆ, ತುರಿಕೆ, ಬಣ್ಣ ಬದಲಾವಣೆ ಇದ್ದರೆ ಸೋಂಕಿರಬಹುದು. ದಾಂಪತ್ಯ ಸಂಪರ್ಕದ ನಂತರ, ಎರಡು ಮುಟ್ಟುಗಳ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮನೆಮದ್ದು ಬೇಡ, ಮಾಜೂನೂ ಬೇಡ. ತಡಮಾಡದೆ ಸ್ತ್ರೀರೋಗ ತಜ್ಞರಲ್ಲಿ ಗರ್ಭಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಿ.)

ರೇಡಿಯೋ ಸ್ಟುಡಿಯೋದಿಂದ ಬಂದ ವಿಧಾನ

ಈ ವಿಧಾನ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. 1941ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಎಂಬ ಸಮಾಜವಿಜ್ಞಾನಿ ರೇಡಿಯೋ ಕಾರ್ಯಕ್ರಮಗಳನ್ನು ಜನ ಹೇಗೆ ಕೇಳುತ್ತಾರೆ ಎಂದು ಅಧ್ಯಯನ ಮಾಡುತ್ತಿದ್ದರು. ಕೇಳುಗರ ಕೈಯಲ್ಲಿ ಎರಡು ಗುಂಡಿಗಳಿರುತ್ತಿದ್ದವು. ಇಷ್ಟವಾದರೆ ಹಸಿರು ಒತ್ತಬೇಕು, ಇಷ್ಟವಾಗದಿದ್ದರೆ ಕೆಂಪು. ಅದನ್ನು ನೋಡಲು ಹೋದ ರಾಬರ್ಟ್ ಮರ್ಟನ್ ಎಂಬ ಇನ್ನೊಬ್ಬ ಸಮಾಜವಿಜ್ಞಾನಿಗೆ ಕೊರತೆ ಕಂಡಿತು. ಕೆಂಪು ಗುಂಡಿ ಒತ್ತಿದ್ದು ಗೊತ್ತಾಗುತ್ತದೆ, ಆದರೆ ಆ ಕ್ಷಣದಲ್ಲಿ ಕೇಳುಗರ ಮನಸ್ಸಿನಲ್ಲಿ ಏನಿತ್ತು? ಅದನ್ನು ಕೇಳುವ ಕ್ರಮವನ್ನು ಅವರು ರೂಪಿಸಿದರು. 1946ರಲ್ಲಿ ಪೆಟ್ರೀಷಿಯಾ ಕೆಂಡಲ್ ಜೊತೆ ಸೇರಿ ಅದರ ಬಗ್ಗೆ ಲೇಖನ ಬರೆದರು.

ಆಮೇಲೆ ಹಲವು ದಶಕ ಈ ವಿಧಾನವನ್ನು ಹೆಚ್ಚು ಬಳಸಿದವರು ಸಾಬೂನು, ಬಿಸ್ಕತ್ತು ಮಾರುವ ಕಂಪನಿಗಳು. ಆರೋಗ್ಯ ಮತ್ತು ಕುಟುಂಬ ಕಲ್ಯಾಣದ ಕ್ಷೇತ್ರಕ್ಕೆ ಇದು ದೊಡ್ಡ ಪ್ರಮಾಣದಲ್ಲಿ ಬಂದದ್ದು 1980ರ ದಶಕದಲ್ಲಿ. 1987ರಲ್ಲಿ ಮರ್ಟನ್ ತಮ್ಮ ಕೂಸು ಬೆಳೆದ ರೀತಿಯ ಬಗ್ಗೆ ಬರೆಯುತ್ತಾ ಒಂದು ಎಚ್ಚರಿಕೆ ಕೊಟ್ಟರು. ಗುಂಪು ಚರ್ಚೆ ಹೊಸ ವಿಚಾರಗಳನ್ನು ಹುಟ್ಟಿಸುತ್ತದೆ. ಆ ವಿಚಾರ ಎಷ್ಟು ಜನರಿಗೆ ಅನ್ವಯಿಸುತ್ತದೆ ಎಂಬುದನ್ನು ಬೇರೆ ವಿಧಾನದಿಂದ ಪರೀಕ್ಷಿಸಬೇಕು ಎಂಬುದು ಅದರ ಸಾರ. ಇಂದಿಗೂ ಅನೇಕರು ಈ ಮಾತನ್ನು ಮರೆತು, ಎಂಟು ಮಂದಿಯ ಅಭಿಪ್ರಾಯವನ್ನು ಇಡೀ ಸಮುದಾಯದ ಅಭಿಪ್ರಾಯವೆಂದು ಬರೆದುಬಿಡುತ್ತಾರೆ. 'ಮುಸ್ಲಿಂ ಮಹಿಳೆಯರು ಹೀಗೆ ನಂಬುತ್ತಾರೆ' ಎಂಬ ವಾಕ್ಯವನ್ನು ಎಲ್ಲಿಯಾದರೂ ಓದಿದರೆ, ಎಷ್ಟು ಮಹಿಳೆಯರನ್ನು ಕೇಳಿದಿರಿ ಎಂದು ನೀವು ಕೇಳಲೇಬೇಕು.

ಮೈಸೂರಿಗೆ ಜನರ ಮಾತಿನಿಂದ ತಿಳಿಯುವ ವಿದ್ಯೆ ಹೊಸದಲ್ಲ. ಇಲ್ಲಿಯೇ ಹುಟ್ಟಿದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದವರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು, ನೆನಪಿನಿಂದಲೇ ಪುಸ್ತಕ ಬರೆದರು. ತಾವು ಕಂಡದ್ದು ಹೆಚ್ಚಾಗಿ ಮೇಲ್ಜಾತಿಯವರ ನೋಟದಿಂದ ಎಂದು ಅವರೇ ಒಪ್ಪಿಕೊಂಡಿದ್ದರು. ಜಗಲಿಯಲ್ಲಿ ಯಜಮಾನರು ಕುಳಿತಿದ್ದರೆ ಉಳಿದವರು ಮಾತನಾಡುವುದು ಕಡಿಮೆ. ಗುಂಪು ಚರ್ಚೆಯಲ್ಲಿ ಜನರನ್ನು ವಿಂಗಡಿಸಿ ಕೂರಿಸುವುದು ಇದೇ ಕಾರಣಕ್ಕೆ.

ಮೈಸೂರಿನ ಏಳು ಗುಂಪುಗಳು

ಈಗ ನಮ್ಮ ಊರಿನದೇ ಉದಾಹರಣೆಗೆ ಬರೋಣ. ಗರ್ಭಕೊರಳಿನ ಕ್ಯಾನ್ಸರ್ ನಮ್ಮ ದೇಶದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಹೆಚ್ಚು ಮಹಿಳೆಯರಿಗೆ ಬರುತ್ತದೆ. ವರ್ಷಕ್ಕೆ 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಬಹುತೇಕ ಎಲ್ಲ ಪ್ರಕರಣಗಳಿಗೂ ಎಚ್‌ಪಿವಿ ಎಂಬ ವೈರಸ್ ಕಾರಣ. ಅದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಅದಕ್ಕೆ ಲಸಿಕೆ ಇದೆ, ಆದರೆ ಮದುವೆಗೆ ಬಹಳ ಮೊದಲೇ, 9ರಿಂದ 14ರ ವಯಸ್ಸಿನಲ್ಲಿ ಹಾಕಿದರೆ ಪರಿಣಾಮ ಹೆಚ್ಚು. ಭಾರತದಲ್ಲಿ ಈ ಲಸಿಕೆಗೆ ಮೊದಲು ಅನುಮತಿ ಸಿಕ್ಕಿದ್ದು 2008ರಲ್ಲಿ.

ಹತ್ತು ವರ್ಷದ ಮಗಳಿಗೆ ಇಂತಹ ಲಸಿಕೆ ಎಂದರೆ ತಂದೆತಾಯಿ ಏನೆನ್ನುತ್ತಾರೆ? ಸಿಟ್ಟಾಗುತ್ತಾರೆಯೇ? ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದರ ಅಗತ್ಯವೇ ಇಲ್ಲ ಎನ್ನುತ್ತಾರೆಯೇ? ಕಚೇರಿಯಲ್ಲಿ ಕುಳಿತವರು ಊಹೆ ಮಾಡಬಹುದಿತ್ತು. ಡಾ. ಪೂರ್ಣಿಮಾ ಮಧಿವಣನ್ ಮತ್ತು ಅವರ ಸಂಗಡಿಗರು ಮೈಸೂರಿನಲ್ಲಿ ಹದಿಹರೆಯದ ಹೆಣ್ಣುಮಕ್ಕಳ ಪೋಷಕರನ್ನು ಕರೆದು ಕೇಳಿದರು. ಏಳು ಗುಂಪು ಚರ್ಚೆಗಳು ನಡೆದವು. ಗಂಡಸರು-ಹೆಂಗಸರು, ಧರ್ಮ, ಪ್ರದೇಶ ಎಂಬ ಆಧಾರದ ಮೇಲೆ ಗುಂಪುಗಳನ್ನು ಬೇರೆ ಬೇರೆ ಮಾಡಲಾಗಿತ್ತು. ಅಧ್ಯಯನ 2009ರಲ್ಲಿ 'ವ್ಯಾಕ್ಸಿನ್' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸಿಕ್ಕ ಉತ್ತರ ಊಹೆಗಿಂತ ಬೇರೆಯಾಗಿತ್ತು. ಪೋಷಕರಲ್ಲಿ ಎಚ್‌ಪಿವಿ ಬಗ್ಗೆಯಾಗಲಿ ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆಯಾಗಲಿ ತಿಳಿವಳಿಕೆ ಕಡಿಮೆ ಇತ್ತು. ಆದರೂ ಹೆಚ್ಚಿನವರು ಲಸಿಕೆಗೆ ಒಪ್ಪಿಗೆ ತೋರಿದರು. ಏಕೆಂದರೆ ಅವರ ಒಪ್ಪಿಗೆ ಈ ಲಸಿಕೆಯ ಮೇಲಿನದ್ದಾಗಿರಲಿಲ್ಲ. ಸರ್ಕಾರದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದ ಮೇಲೆ ಅವರಿಗಿದ್ದ ಒಟ್ಟು ವಿಶ್ವಾಸವೇ ಇಲ್ಲಿಯೂ ಮಾತನಾಡಿತ್ತು.

ಫಾರಂ ಹಿಡಿದು ಹೋಗಿದ್ದರೆ 'ಹೌದು, ಹಾಕಿಸುತ್ತೇವೆ' ಎಂಬ ಗುರುತು ಸಿಗುತ್ತಿತ್ತು. ಅಧಿಕಾರಿಗಳು ಜನ ಸಿದ್ಧರಿದ್ದಾರೆ ಎಂದು ನೆಮ್ಮದಿಯಾಗಿರುತ್ತಿದ್ದರು. ಆ 'ಹೌದು' ತಿಳಿವಳಿಕೆಯಿಂದ ಬಂದದ್ದಲ್ಲ, ವಿಶ್ವಾಸದಿಂದ ಬಂದದ್ದು ಎಂಬುದು ಮಾತನಾಡಿಸಿದಾಗ ಮಾತ್ರ ಗೊತ್ತಾಯಿತು. ವ್ಯತ್ಯಾಸ ಸಣ್ಣದಲ್ಲ. ವಿಶ್ವಾಸದ ಮೇಲೆ ನಿಂತ ಒಪ್ಪಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶಕ್ಕೆ ಕುಸಿಯಬಹುದು. ಮುಂದೆ ಇದೇ ಊರಿನಲ್ಲಿ ಶಾಲಾ ಬಾಲಕಿಯರ ಸುಮಾರು 800 ಪೋಷಕರನ್ನು ಪ್ರಶ್ನಾವಳಿ ಮೂಲಕ ಸಮೀಕ್ಷೆ ಮಾಡಲಾಯಿತು. ಮರ್ಟನ್ ಹೇಳಿದ ಕ್ರಮ ಇದೇ. ಮೊದಲು ಮಾತು, ಆಮೇಲೆ ಎಣಿಕೆ.

ವಿಶ್ವಾಸ ಹೇಗೆ ಕುಸಿಯುತ್ತದೆ ಎಂಬುದಕ್ಕೆ ಹೆಚ್ಚು ದೂರ ಹೋಗಬೇಕಾಗಿಲ್ಲ. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಬಾಲಕಿಯರಿಗೆ ಈ ಲಸಿಕೆ ಹಾಕುವ ಯೋಜನೆ ನಡೆಯಿತು. ಏಳು ಬಾಲಕಿಯರ ಸಾವು ವರದಿಯಾದಾಗ 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿ ಸರಿಯಿರಲಿಲ್ಲ. ಅನೇಕ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಲಸಿಕೆಯಲ್ಲಿ ದೋಷ ಕಾಣದಿದ್ದರೂ ಕೇಳದೆ ಮಾಡಿದ ಕೆಲಸ ಲಸಿಕೆಯ ಹೆಸರನ್ನು ವರ್ಷಗಟ್ಟಲೆ ಕೆಡಿಸಿತು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಕರ್ನಾಟಕದಲ್ಲಿ ಆರಂಭವಾದಾಗಲೂ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವದಂತಿಗಳು ನಿಮಗೆ ನೆನಪಿರಬಹುದು.

ಉತ್ತರ ಪ್ರದೇಶದ ಪೋಲಿಯೋ ಕಥೆ ಇದರ ಇನ್ನೊಂದು ಮುಖ. ಈ ಶತಮಾನದ ಆರಂಭದಲ್ಲಿ ಅಲ್ಲಿನ ಅನೇಕ ಮುಸ್ಲಿಂ ಕುಟುಂಬಗಳು ಪೋಲಿಯೋ ಹನಿಯಿಂದ ಮಕ್ಕಳು ಮುಂದೆ ಬಂಜೆಯಾಗುತ್ತಾರೆ ಎಂಬ ವದಂತಿ ನಂಬಿ ಬಾಗಿಲು ಮುಚ್ಚಿದವು. ಬೈದವರಿಂದ ಬಾಗಿಲು ತೆರೆಯಲಿಲ್ಲ. ಅದೇ ಮೊಹಲ್ಲಾದ ಹೆಣ್ಣುಮಕ್ಕಳನ್ನು ಮನೆ ಮನೆಗೆ ಕಳಿಸಿ, ಇಮಾಮರ ಜೊತೆ ಕುಳಿತು, ಅಲಿಗಢ ಮತ್ತು ಜಾಮಿಯಾದಂತಹ ಸಂಸ್ಥೆಗಳನ್ನು ಸೇರಿಸಿಕೊಂಡು, ಜನರ ಅನುಮಾನ ಏನು ಎಂದು ಕೇಳಿಸಿಕೊಂಡ ಮೇಲೆ ತೆರೆಯಿತು. ದೇಶದ ಕೊನೆಯ ಪೋಲಿಯೋ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ.

ಒಳ್ಳೆಯ ಗುಂಪು, ಚಹಾ-ಬಿಸ್ಕತ್ತಿನ ಗುಂಪು

ಸರಿಯಾಗಿ ನಡೆಸಿದ ಗುಂಪು ಚರ್ಚೆಯಲ್ಲಿ ಸಾಮಾನ್ಯವಾಗಿ ಆರರಿಂದ ಹತ್ತು ಮಂದಿ ಇರುತ್ತಾರೆ. ಹದಿನೈದಾದರೆ ಅದು ಸಭೆ. ನಾಲ್ಕು ಮಂದಿ ಮಾತನಾಡುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ. ಬಂದವರ ನಡುವೆ ಒಂದು ಸಮಾನತೆ ಇರಬೇಕು. ಅತ್ತೆ-ಸೊಸೆ ಒಂದೇ ಗುಂಪಿನಲ್ಲಿ ಬೇಡ, ಬೀಡಿ ಗುತ್ತಿಗೆದಾರರ ಹೆಂಡತಿಯನ್ನು ಬೀಡಿ ಕಟ್ಟುವವರ ನಡುವೆ ಕೂರಿಸುವುದು ಬೇಡ. ನನ್ನ ದವಾಖಾನೆಯಲ್ಲಿಯೇ ದಿನವೂ ನೋಡುತ್ತೇನೆ: ಅತ್ತೆ ಜೊತೆಗೆ ಬಂದರೆ ಸೊಸೆಗೆ ಯಾವ ಕಾಯಿಲೆಯೂ ಇರುವುದಿಲ್ಲ, ತಂಗಿಯ ಜೊತೆ ಬಂದರೆ ಹತ್ತು ಇರುತ್ತವೆ.

ವೃತ್ತಾಕಾರವಾಗಿ ಕೂರಿಸುತ್ತಾರೆ, ಎಲ್ಲರ ಮುಖ ಎಲ್ಲರಿಗೂ ಕಾಣಬೇಕು. ನಡೆಸಿಕೊಡುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು. ನಡೆಸಿಕೊಡುವವರ ಕೈಯಲ್ಲಿ ಆರೇಳು ತೆರೆದ ಪ್ರಶ್ನೆಗಳಿರುತ್ತವೆ. 'ಲಸಿಕೆ ಒಳ್ಳೆಯದಲ್ಲವೇ?' ಎಂಬುದು ಕೆಟ್ಟ ಪ್ರಶ್ನೆ, ಉತ್ತರ ಅದರಲ್ಲಿಯೇ ಇದೆ. 'ನಿಮ್ಮ ಮಗುವಿಗೆ ಕೊನೆಯ ಸಲ ಲಸಿಕೆ ಹಾಕಿಸಿದ ದಿನ ಏನೇನಾಯಿತು, ಹೇಳಿ' ಎಂಬುದು ಒಳ್ಳೆಯ ಪ್ರಶ್ನೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಅವರು ಕಲಿಯಬೇಕಾದ ದೊಡ್ಡ ವಿದ್ಯೆ. ಐದು ಸೆಕೆಂಡಿನ ಮೌನ ಬಹಳ ಉದ್ದವೆನಿಸುತ್ತದೆ, ಆದರೆ ಮುಖ್ಯ ಮಾತು ಬರುವುದು ಆ ಮೌನದ ನಂತರವೇ. ನಡೆಸಿಕೊಡುವವರು ಅಲ್ಲಿ ಪಾಠ ಮಾಡಬಾರದು. ಯಾರಾದರೂ ತಪ್ಪು ಮಾಹಿತಿ ಹೇಳಿದರೂ ಚರ್ಚೆ ಮುಗಿಯುವವರೆಗೆ ತಿದ್ದಬಾರದು. ಮುಗಿದ ಮೇಲೆ ಸರಿಯಾದ ಮಾಹಿತಿ ಕೊಟ್ಟೇ ಕಳಿಸಬೇಕು. ವೈದ್ಯರಿಗೆ ಇದು ಬಹಳ ಕಷ್ಟ, ನಮಗೆ ಸಲಹೆ ಕೊಡದೆ ಇರಲು ಬರುವುದಿಲ್ಲ.

ಒಂದೇ ಗುಂಪಿನಿಂದ ಕೆಲಸ ಮುಗಿಯುವುದಿಲ್ಲ. ಒಂದೊಂದು ವರ್ಗದ ಜನರೊಡನೆ ಮೂರು-ನಾಲ್ಕು ಚರ್ಚೆ ಮಾಡಿ, ಹೊಸ ಮಾತು ಬರುವುದು ನಿಂತಾಗ ನಿಲ್ಲಿಸುತ್ತಾರೆ. ಧ್ವನಿಮುದ್ರಣವನ್ನು ಪದ ಪದವಾಗಿ ಬರೆದು, ಓದಿ, ಮತ್ತೆ ಓದಿ, ಯಾವ ವಿಚಾರ ಎಲ್ಲೆಲ್ಲಿ ಬಂದಿದೆ ಎಂದು ಗುರುತಿಸುತ್ತಾರೆ. ನಮ್ಮ ಮೊಹಲ್ಲಾಗಳಲ್ಲಿ ಇಲ್ಲಿ ತೊಡಕಿದೆ. ಮಾತು ದಖನಿಯಲ್ಲಿ ನಡೆಯುತ್ತದೆ, ನಡುವೆ ಕನ್ನಡ ಬರುತ್ತದೆ, ವರದಿ ಇಂಗ್ಲಿಷಿನಲ್ಲಿರುತ್ತದೆ. 'ಕಮ್ಜೋರಿ' ಎಂಬುದನ್ನು ಇಂಗ್ಲಿಷಿನಲ್ಲಿ 'ದೌರ್ಬಲ್ಯ' ಎಂದು ಬರೆದ ಕ್ಷಣವೇ ಅರ್ಧ ಅರ್ಥ ಸೋರಿಹೋಗುತ್ತದೆ. ಬರೆದುಕೊಳ್ಳುವವರು ದಖನಿ ಬಲ್ಲವರಾಗಿರಬೇಕೆಂದು ಒತ್ತಾಯಿಸುವುದು ಸಂಘಟಕರ ಕೆಲಸ.

ಈ ನಿಯಮಗಳನ್ನೆಲ್ಲ ಗಾಳಿಗೆ ತೂರಿದ ಗುಂಪುಗಳನ್ನೂ ಕಂಡಿದ್ದೇನೆ. ಒಮ್ಮೆ ಒಂದು ಮೊಹಲ್ಲಾದಲ್ಲಿ ಇಪ್ಪತ್ತೈದು ಹೆಂಗಸರನ್ನು ಚಾಪೆಯ ಮೇಲೆ ಕೂರಿಸಿ, ಬಾಗಿಲಲ್ಲಿ ಗಂಡಸರು ನಿಂತಿರುವಾಗಲೇ ಮುಟ್ಟಿನ ನೈರ್ಮಲ್ಯದ ಬಗ್ಗೆ ಪ್ರಶ್ನೆ ಕೇಳಿದರು. ಎಲ್ಲರೂ "ಸಬ್ ಠೀಕ್ ಹೈ" ಎಂದರು. ಸಹಿ ಪಡೆದರು, ಚಹಾ-ಬಿಸ್ಕತ್ತು ಕೊಟ್ಟರು, ಫೋಟೋ ತೆಗೆದರು. ಅದನ್ನು ಯಾರು ನಡೆಸಿದರು ಎಂಬುದು ಮುಖ್ಯವಲ್ಲ, ಇಂತಹವು ಎಲ್ಲ ಕಡೆ ನಡೆಯುತ್ತವೆ. ಎಲ್ಲವೂ ಸರಿಯಿದೆ ಎಂಬ ವರದಿ ಸಿದ್ಧವಾದರೆ ಶಾಲೆಗೆ ಬರಬೇಕಾದ ನೀರಿನ ವ್ಯವಸ್ಥೆಯೂ ಪ್ಯಾಡ್ ವಿಲೇವಾರಿ ವ್ಯವಸ್ಥೆಯೂ ಬರುವುದಿಲ್ಲ.

ನಮ್ಮ ಯುನಾನಿಯವರಿಗೂ ಒಂದು ಮಾತು. ರೋಗಿಯ ಗಾಳಿ, ಆಹಾರ-ಪಾನೀಯ, ಚಲನೆ, ಮನಸ್ಸು, ನಿದ್ದೆ, ವಿಸರ್ಜನೆ ಈ ಆರನ್ನೂ ವಿಚಾರಿಸದೆ ಔಷಧಿ ಬರೆಯಬಾರದು ಎಂದು ಅಸ್ಬಾಬೆ ಸಿತ್ತಾ ಜರೂರಿಯಾದಲ್ಲಿ ಓದಿದವರು ನಾವು. ಆದರೆ ಬರೆದುಕೊಟ್ಟ ಜೋಶಾಂದಾವನ್ನು ಜನ ಏಕೆ ಮೂರನೇ ದಿನಕ್ಕೆ ಬಿಡುತ್ತಾರೆ ಎಂದು ಕೂರಿಸಿ ಕೇಳಿದ್ದು ಕಡಿಮೆ. ರುಚಿಯೇ ಕಾರಣವೇ, ಕುದಿಸಲು ಗ್ಯಾಸ್ ಖರ್ಚೇ, ಬೆಳಗಿನ ಸಮಯವೇ ಇಲ್ಲವೇ? ಎಂಟು ಮಂದಿಯ ನಾಲ್ಕು ಗುಂಪು ಸಾಕು, ಬಹಳಷ್ಟು ತಿಳಿಯುತ್ತದೆ.

ಕರೆ ಬಂದರೆ ಏನು ಕೇಳಬೇಕು

ಹಾಗಾದರೆ ಹೋಗಬೇಕೇ? ಹೋಗಿ ಎಂಬುದೇ ನನ್ನ ಸಲಹೆ. ನಾವು ಹೋಗದಿದ್ದರೆ ನಮ್ಮ ಬಗ್ಗೆ ಬೇರೆಯವರು ಹೇಳುತ್ತಾರೆ, ಅದೇ ವರದಿಯಲ್ಲಿ ಉಳಿಯುತ್ತದೆ. ಆದರೆ ಕೇಳಿಕೊಂಡು ಹೋಗಿ.

ಮೊದಲು, ಇದಕ್ಕೆ ನೀತಿ ಸಮಿತಿಯ ಅನುಮತಿ ಇದೆಯೇ ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಮನುಷ್ಯರ ಮೇಲಿನ ಆರೋಗ್ಯ ಸಂಶೋಧನೆಗೆ ಅದು ಬೇಕು, ಬರೀ ಮಾತಿನ ಸಂಶೋಧನೆಯೂ ಇದಕ್ಕೆ ಹೊರತಲ್ಲ. ನಿಮಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಡಬೇಕು, ಓದಲು ಬಾರದಿದ್ದರೆ ಓದಿ ಹೇಳಬೇಕು. ಧ್ವನಿಮುದ್ರಣಕ್ಕೆ ನಿಮ್ಮ ಒಪ್ಪಿಗೆ ಬೇಕು. ಫೋಟೋ ಬೇಡವೆಂದರೆ ಬೇಡ. ಯಾವ ಪ್ರಶ್ನೆಗೂ ಉತ್ತರಿಸದೆ ಇರುವ, ನಡುವೆಯೇ ಎದ್ದು ಬರುವ ಹಕ್ಕು ನಿಮಗಿದೆ. ಎದ್ದು ಬಂದ ಕಾರಣಕ್ಕೆ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಚಿಕಿತ್ಸೆ ನಿಲ್ಲಬಾರದು.

ಒಂದು ವಿಷಯವನ್ನು ಸಂಘಟಕರು ಬಾಯಿಬಿಟ್ಟು ಹೇಳುವುದು ಕಡಿಮೆ. ಅವರು ನಿಮ್ಮ ಹೆಸರನ್ನು ಗುಟ್ಟಾಗಿಡಬಹುದು, ಆದರೆ ನಿಮ್ಮ ಪಕ್ಕ ಕುಳಿತ ನೆರೆಮನೆಯವರ ಬಾಯಿಗೆ ಬೀಗ ಹಾಕಲಾರರು. ಆದ್ದರಿಂದ ಗುಂಪಿನಲ್ಲಿ ನಿಮ್ಮ ಮನೆಯ ಅತ್ಯಂತ ಖಾಸಗಿ ವಿಷಯ, ಗಂಡನ ಹೊಡೆತವಾಗಲಿ ಮಗಳ ಕಾಯಿಲೆಯಾಗಲಿ, ಹೇಳಬೇಡಿ. ಅದನ್ನು ಹೇಳಲೇಬೇಕೆಂದಿದ್ದರೆ ಪ್ರತ್ಯೇಕವಾಗಿ ಮಾತನಾಡಲು ಕೇಳಿ. ಅದಕ್ಕೆ ಒಬ್ಬರೊಡನೆ ಒಬ್ಬರ ಆಳವಾದ ಸಂದರ್ಶನ ಎಂಬ ಬೇರೆ ವಿಧಾನವೇ ಇದೆ.

18 ವರ್ಷದೊಳಗಿನ ಮಕ್ಕಳನ್ನು ಕರೆದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ನೀವು ಸಹಿ ಹಾಕಿದರೂ ನಿಮ್ಮ ಮಗಳು ಒಲ್ಲೆ ಎಂದರೆ ಅವಳನ್ನು ಕೂರಿಸುವಂತಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರ ಸಹಿ ನಿಮ್ಮ ಸಹಿಗೆ ಬದಲಿಯಲ್ಲ.

ಸಮಯದ ಬಗ್ಗೆ ಸಂಕೋಚಪಡದೆ ಹೇಳಿ. ಬೀಡಿ ಒಪ್ಪಿಸುವ ದಿನ, ಅಗರಬತ್ತಿ ಲೆಕ್ಕದ ಹೊತ್ತು, ಮಕ್ಕಳು ಮದರಸಾದಿಂದ ಬರುವ ವೇಳೆ ಬಿಟ್ಟು ಇಡಲಿ. ದಿನಗೂಲಿ ತಪ್ಪಿದರೆ ಅದಕ್ಕೂ ಬಸ್ ಖರ್ಚಿಗೂ ಪರಿಹಾರ ಕೇಳುವುದರಲ್ಲಿ ತಪ್ಪಿಲ್ಲ, ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿದೆ. ಹೊರಡುವ ಮೊದಲು ಇನ್ನೆರಡು ಪ್ರಶ್ನೆ ಕೇಳಿ: ಧ್ವನಿಮುದ್ರಣವನ್ನು ಯಾವಾಗ ಅಳಿಸುತ್ತೀರಿ? ಫಲಿತಾಂಶ ಬಂದ ಮೇಲೆ ಯಾವ ತಿಂಗಳು, ಯಾವ ಭಾಷೆಯಲ್ಲಿ ನಮಗೆ ಬಂದು ಹೇಳುತ್ತೀರಿ? ಉತ್ತರವನ್ನು ಮಾಹಿತಿ ಪತ್ರದ ಮೇಲೆಯೇ ಅವರ ಕೈಯಲ್ಲಿ ಬರೆಸಿಕೊಂಡು, ಅದರ ಒಂದು ಪ್ರತಿಯನ್ನು ಮನೆಗೆ ತನ್ನಿ.